ಗುಂಪಿನೊಳಗೆ ಯಾರಿದ್ದಾರೆ?

ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ಯಾವ ತರಗತಿಯಲ್ಲಿ ಯಾರಿದ್ದಾರೆಂಬುದು ಒಡನೆಯೇ ತಿಳಿಯುತ್ತದೆ. ಸಾವಿರಾರು ನೌಕರರುಳ್ಳ ದೊಡ್ಡ ಕಚೇರಿಗಳ ಕಂಪ್ಯೂಟರ್ ಜಾಲದಲ್ಲಿ ಈ ಕೆಲಸವನ್ನು ಮಾಡುವುದು ‘ಆಕ್ಟಿವ್ ಡೈರೆಕ್ಟರಿ’. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 2000ರೊಡನೆ ಹೊರತಂದ ಈ ವ್ಯವಸ್ಥೆಯಲ್ಲಿ ನೌಕರರನ್ನು ಗುಂಪುಗಳಲ್ಲಿ ಸೇರಿಸಿ, ಸಂಬಳದ ಕಡತವನ್ನು ಯಾರು ತೆರೆಯಬಹುದು ಎಂಬಂಥ ಅಧಿಕಾರವನ್ನು ಗುಂಪಿಗೇ ಕೊಡಲಾಗುತ್ತದೆ. ಬೇರೆ ವಿಭಾಗಕ್ಕೆ ವರ್ಗವಾದವರ ಹೆಸರು ಹಳೆಯ ಗುಂಪಿನಲ್ಲೇ ಉಳಿದರೆ, ಹಳೆಯ ಕೋಣೆಯ ಬೀಗದ ಕೈ ಅವರ ಬಳಿಯೇ ಉಳಿದಂತೆ. ಆದ್ದರಿಂದ ಪಟ್ಟಿಯನ್ನು ಆಗಾಗ ಪರಿಶೀಲಿಸಬೇಕು.

ನೂರಾರು ಗುಂಪುಗಳನ್ನು ಒಂದೊಂದಾಗಿ ತೆರೆದು ನೋಡುವುದು ಮುಗಿಯದ ಕೆಲಸ. ‘ಪವರ್‌ಶೆಲ್’ ಎಂಬ ಆಜ್ಞಾಭಾಷೆಯಲ್ಲಿ ಅದು ಒಂದೇ ಸಾಲಿನ ಪ್ರಶ್ನೆ. ಅದರ ವ್ಯಾಕರಣ ಸರಳ: ಮೊದಲು ಕ್ರಿಯಾಪದ, ನಡುವೆ ಅಡ್ಡಗೆರೆ, ಬಳಿಕ ನಾಮಪದ. ‘ಗೆಟ್-ಎಡಿಗ್ರೂಪ್’ ಗುಂಪಿನ ವಿವರವನ್ನು ಕೊಡುತ್ತದೆ. ‘ಗೆಟ್-ಎಡಿಗ್ರೂಪ್‌ಮೆಂಬರ್’ ಸದಸ್ಯರ ಪಟ್ಟಿಯನ್ನು ಕೊಡುತ್ತದೆ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಆದರೆ ಎರಡು ಕಡೆ ಎಚ್ಚರ ಬೇಕು. ಒಂದು ಗುಂಪಿನೊಳಗೆ ಮತ್ತೊಂದು ಗುಂಪು ಇರುವುದುಂಟು. ಆಗ ಉತ್ತರದಲ್ಲಿ ಒಳಗಿನ ಗುಂಪಿನ ಹೆಸರಷ್ಟೇ ಕಾಣುತ್ತದೆ, ಅದರಲ್ಲಿರುವ ಜನ ಕಾಣುವುದಿಲ್ಲ. ಆಜ್ಞೆಯ ಕೊನೆಗೆ ‘-ರಿಕರ್ಸಿವ್’ ಎಂದು ಸೇರಿಸಿದರೆ ಒಳಪದರಗಳಲ್ಲಿರುವವರೆಲ್ಲರ ಹೆಸರೂ ಹೊರಬರುತ್ತದೆ.

ಎರಡನೆಯದು ನಮ್ಮ ಲಿಪಿಗೆ ಸಂಬಂಧಿಸಿದ್ದು. ಡೈರೆಕ್ಟರಿಯಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆದಿಡಬಹುದು. ಆದರೆ ವಿಂಡೋಸ್‌ನೊಡನೆ ಬರುವ ಪವರ್‌ಶೆಲ್ 5.1ರಲ್ಲಿ ‘ಎಕ್ಸ್‌ಪೋರ್ಟ್-ಸಿಎಸ್‌ವಿ’ ಆಜ್ಞೆಯಿಂದ ಪಟ್ಟಿಯನ್ನು ಕಡತಕ್ಕೆ ಇಳಿಸಿದಾಗ, ಬೇರೇನೂ ಹೇಳದಿದ್ದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಆ ಆಜ್ಞೆ ತಾನಾಗಿ ಬಳಸುವ ‘ಆಸ್ಕಿ’ ಸಂಕೇತದಲ್ಲಿ 128 ಚಿಹ್ನೆಗಳಷ್ಟೇ ಇವೆ. ಕನ್ನಡದ ಒಂದಕ್ಷರವೂ ಇಲ್ಲ. ‘-ಎನ್‌ಕೋಡಿಂಗ್ ಯುಟಿಎಫ್8’ ಎಂದು ಸೇರಿಸಿದರೆ ಹೆಸರುಗಳು ಹೆಸರುಗಳಾಗಿಯೇ ಉಳಿಯುತ್ತವೆ. ಪವರ್‌ಶೆಲ್ 6ರಿಂದ ಈಚೆಗೆ ಇದೇ ರೂಢಿಯ ಕ್ರಮ.

ಕ್ರಿಯಾಪದ, ನಾಮಪದಗಳ ಭೇದವನ್ನು ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಈ ವಿದ್ಯೆ ದೂರದ್ದಲ್ಲ. ‘ಗೆಟ್’ ಎಂದು ಆರಂಭವಾಗುವ ಈ ಆಜ್ಞೆಗಳು ಪಟ್ಟಿಯನ್ನು ಓದುತ್ತವೆಯೇ ಹೊರತು ತಿದ್ದುವುದಿಲ್ಲ. ಹೊಸದಾಗಿ ಕಲಿಯುವವರು ಇಲ್ಲಿಂದಲೇ ತೊಡಗುವುದು ಲೇಸು.