ಪರೀಕ್ಷೆಗೆ ಬಾರದ ಹುಡುಗ

1920ರ ಸೆಪ್ಟೆಂಬರ್ 20, ಸೋಮವಾರ. ಐರ್ಲೆಂಡ್ ದೇಶದ ಡಬ್ಲಿನ್ ಪಟ್ಟಣದಲ್ಲಿ ಡಾಕ್ಟರಿಕೆ ಓದುತ್ತಿದ್ದ ಹುಡುಗನೊಬ್ಬನಿಗೆ ಮಧ್ಯಾಹ್ನ 2 ಗಂಟೆಗೆ ಪರೀಕ್ಷೆ ಇತ್ತು. ಬೆಳಿಗ್ಗೆ ಒಂದು ಕೆಲಸ ಮುಗಿಸಿ, ಆಮೇಲೆ ಪರೀಕ್ಷೆಗೆ ಕೂರೋಣ ಅಂತ ಅವನ ಲೆಕ್ಕ. ಆ ಕೆಲಸವಾದರೂ ಎಂಥದು? ಬೇಕರಿಗೆ ಬ್ರೆಡ್ ಒಯ್ಯಲು ಬರುವ ಬ್ರಿಟಿಷ್ ಸೈನಿಕರ ಲಾರಿಯನ್ನು ತಡೆದು ಅವರ ಬಂದೂಕು ಕಿತ್ತುಕೊಳ್ಳುವುದು!

ಹುಡುಗ ಪರೀಕ್ಷೆಗೆ ಬರಲಿಲ್ಲ. ಸರಿಯಾಗಿ ಆರು ವಾರಕ್ಕೆ, ನವೆಂಬರ್ 1ರ ಬೆಳಿಗ್ಗೆ 8 ಗಂಟೆಗೆ, ಅವನನ್ನು ಮೌಂಟ್‌ಜಾಯ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಸರು ಕೆವಿನ್ ಬ್ಯಾರಿ. ವಯಸ್ಸು 18. ಜೆಸುಯಿಟ್ ಪಾದ್ರಿಗಳ ಹೈಸ್ಕೂಲು ಬಿಟ್ಟು ವರ್ಷ ದಾಟಿತ್ತು, ಅಷ್ಟೆ.

ಯುದ್ಧದ ಕಾಲದಲ್ಲಿ ಶಾಲೆ ಮುಗಿಸುವ ಹುಡುಗರ ಪಾಡು ಏನು? ಅವರ ಮೇಲೆ ಯಾರು ಯಾರ ಕಣ್ಣು ಬಿದ್ದಿರುತ್ತದೆ? ಕೆವಿನ್‌ನ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

ಹಳ್ಳಿಯಲ್ಲಿ ಹೊಲ, ಪೇಟೆಯಲ್ಲಿ ಹಾಲಿನ ವ್ಯಾಪಾರ

ಬ್ಯಾರಿ ಮನೆತನದವರು ದೊಡ್ಡ ಕುಳವೇನಲ್ಲ, ಬಡವರೂ ಅಲ್ಲ. ಕಾರ್ಲೋ ಜಿಲ್ಲೆಯ ಟಾಂಬೀ ಎಂಬಲ್ಲಿ ಜಮೀನು, ದನಕರು. ಡಬ್ಲಿನ್ ಪೇಟೆಯ ಫ್ಲೀಟ್ ಸ್ಟ್ರೀಟಿನಲ್ಲಿ ಮನೆ, ಹಾಲಿನ ವ್ಯಾಪಾರ. ಒಂದು ಕಾಲು ಹೊಲದಲ್ಲಿ, ಇನ್ನೊಂದು ಕಾಲು ಅಂಗಡಿಯಲ್ಲಿ. ನಮ್ಮ ಕಡೆಯೂ ಇಂಥ ಮನೆತನಗಳು ಎಷ್ಟಿಲ್ಲ?

1902ರ ಜನವರಿ 20ರಂದು ಹುಟ್ಟಿದ ಕೆವಿನ್‌ಗೆ 6 ವರ್ಷವಾಗಿದ್ದಾಗ, 1908ರಲ್ಲಿ, ತಂದೆ ಥಾಮಸ್ ತೀರಿಕೊಂಡರು. ಮನೆಯಲ್ಲಿ 7 ಮಕ್ಕಳು. ತಾಯಿ ಮೇರಿ ಎದೆಗುಂದಲಿಲ್ಲ. ಹಳ್ಳಿಯ ಜಮೀನನ್ನೂ ಬಿಡಲಿಲ್ಲ, ಪೇಟೆಯ ಮನೆಯನ್ನೂ ಬಿಡಲಿಲ್ಲ. ಕೆವಿನ್ ಮೊದಲು ರಾತ್‌ವಿಲಿ ಎಂಬ ಊರಿನ ಶಾಲೆಗೆ ಹೋದ. ಆಮೇಲೆ ಡಬ್ಲಿನ್‌ನ ಸೇಂಟ್ ಮೇರೀಸ್ ಶಾಲೆ. ಅದು 1916ರಲ್ಲಿ ಮುಚ್ಚಿದಾಗ ಬೆಲ್ವೆಡಿಯರ್ ಕಾಲೇಜಿಗೆ ಸೇರಿದ.

ಹೆಸರು ಕಾಲೇಜು ಅಂತಿದ್ದರೂ ಅದು ಹುಡುಗರ ಹೈಸ್ಕೂಲು. ಜೆಸುಯಿಟ್ ಪಾದ್ರಿಗಳು 1832ರಲ್ಲಿ ಶುರು ಮಾಡಿದ್ದು. 1841ರಿಂದ ಗ್ರೇಟ್ ಡೆನ್ಮಾರ್ಕ್ ಸ್ಟ್ರೀಟಿನ ದೊಡ್ಡ ಬಂಗಲೆಯಲ್ಲಿ ನಡೀತಾ ಬಂದಿದೆ. ಕಾದಂಬರಿಕಾರ ಜೇಮ್ಸ್ ಜಾಯ್ಸ್ 1898ರಲ್ಲಿ ಓದು ಮುಗಿಸಿ ಹೊರಬಿದ್ದದ್ದು ಇದೇ ಶಾಲೆಯಿಂದ. ಮಗ ಇಂಗ್ಲಿಷ್ ಚೆನ್ನಾಗಿ ಕಲೀಲಿ, ವಕೀಲನೋ ಡಾಕ್ಟರೋ ಆಗಲಿ, ಧರ್ಮ ಬಿಡದಿರಲಿ... ಕೆಥೋಲಿಕ್ ತಂದೆತಾಯಂದಿರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದುದು ಈ ಆಸೆಯಿಂದಲೇ.

ಗೇಟಿನ ಹೊರಗೆ ಎರಡು ಸೈನ್ಯ

ಆದರೆ ಕಾಲ ಕೆಟ್ಟಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ಐರ್ಲೆಂಡ್ ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿತ್ತು. ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಪರ ದುಡಿದ ಐರಿಷರು ಸುಮಾರು 2 ಲಕ್ಷ. ಪಾದ್ರಿಗಳ ಶಾಲೆಗಳಿಂದ ಹೊರಬಂದ ಹುಡುಗರೂ ರಾಜನ ಸಮವಸ್ತ್ರ ತೊಟ್ಟು ಫ್ರಾನ್ಸಿನ ಕಂದಕಗಳಿಗೆ ಹೋದರು. ಎಷ್ಟೋ ಜನ ತಿರುಗಿ ಬರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಸೈನ್ಯವೂ ಗುಟ್ಟಾಗಿ ತಯಾರಾಗುತ್ತಿತ್ತು. 1916ರ ಏಪ್ರಿಲ್ 24ರಂದು, ಈಸ್ಟರ್ ಹಬ್ಬದ ಮಾರನೆ ದಿನ, ಐರಿಷ್ ಸ್ವಯಂಸೇವಕರು ಡಬ್ಲಿನ್‌ನ ಜನರಲ್ ಪೋಸ್ಟ್ ಆಫೀಸನ್ನು ಹಿಡಿದು ಗಣರಾಜ್ಯ ಸಾರಿದರು. ಒಂದು ವಾರದಲ್ಲಿ ದಂಗೆ ಅಡಗಿತು. ನಾಯಕರನ್ನು ಸಾಲಾಗಿ ಗುಂಡಿಟ್ಟು ಕೊಂದರು. ಅವರಲ್ಲಿ ಒಬ್ಬ ಜೋಸೆಫ್ ಪ್ಲಂಕೆಟ್. ಅವನೂ ಬೆಲ್ವೆಡಿಯರ್‌ನಲ್ಲಿ ಓದಿದವನೇ! ಅದೇ ವರ್ಷ ಕೆವಿನ್ ಆ ಶಾಲೆಗೆ ಕಾಲಿಟ್ಟಾಗ, ಕೂಗಳತೆಯಲ್ಲಿದ್ದ ಪೇಟೆಬೀದಿ ತೋಪಿನ ಗುಂಡಿಗೆ ಸಿಕ್ಕಿ ಪಾಳು ಬಿದ್ದಿತ್ತು.

1918ರ ಏಪ್ರಿಲ್‌ನಲ್ಲಿ ಇನ್ನೊಂದು ಬಾಂಬು ಬಿತ್ತು. ಐರಿಷ್ ಗಂಡಸರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆಯುವ ಕಾನೂನನ್ನು ಬ್ರಿಟಿಷ್ ಪಾರ್ಲಿಮೆಂಟು ಪಾಸು ಮಾಡಿತು. ಬಿಷಪ್ಪರು, ರಾಜಕಾರಣಿಗಳು, ಕೂಲಿಕಾರರು ಎಲ್ಲರೂ ಒಂದಾಗಿ ಎದುರು ನಿಂತರು. ಏಪ್ರಿಲ್ 23ರಂದು ಹರತಾಳ ನಡೆಯಿತು. ಕಾನೂನು ಕಾಗದದಲ್ಲೇ ಉಳಿಯಿತು. ಆದರೆ ಅದರ ಪರಿಣಾಮ ಉಳಿಯದೆ ಹೋಗಲಿಲ್ಲ. 'ನೀನು ಯಾರ ಸೈನ್ಯದವನು?' ಎಂಬ ಪ್ರಶ್ನೆ ಶಾಲೆ ಮುಗಿಸುವ ಪ್ರತಿಯೊಬ್ಬ ಹುಡುಗನ ಮುಂದೆಯೂ ಬಂದು ನಿಂತಿತು.

ಕೆವಿನ್ ಉತ್ತರ ಕೊಟ್ಟು ಆಗಿತ್ತು. 1917ರ ಅಕ್ಟೋಬರ್‌ನಲ್ಲೇ, 15ನೇ ವಯಸ್ಸಿಗೆ, ಸ್ವಯಂಸೇವಕರ ಡಬ್ಲಿನ್ ದಳಕ್ಕೆ ಸೇರಿದ್ದ. ಹಗಲು ಪಾದ್ರಿಗಳ ಪಾಠ, ಬಿಡುವಿನಲ್ಲಿ ಕವಾಯತು, ಸೈಕಲ್ ಮೇಲೆ ಗುಟ್ಟಿನ ಚೀಟಿ ಸಾಗಣೆ. ಹಾಗಂತ ಓದಿನಲ್ಲಿ ಹಿಂದೆ ಬೀಳಲಿಲ್ಲ. ಆಟದಲ್ಲೂ ಮುಂದು. ರಗ್ಬಿ ಇಂಗ್ಲಿಷರಿಂದ ಬಂದ ಆಟ, ಹರ್ಲಿಂಗ್ ಐರಿಷರ ಸ್ವಂತ ಆಟ. ಒಂದನ್ನಾಡುವವರು ಇನ್ನೊಂದನ್ನು ದೂರ ಇಡುತ್ತಿದ್ದ ಕಾಲದಲ್ಲಿ ಈ ಹುಡುಗ ಎರಡನ್ನೂ ಆಡುತ್ತಿದ್ದ. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡಿ ಬೆಳೆದ ಗಡಿ ಮಂದಿಗೆ ಇದರ ಒಳಮರ್ಮ ಬಿಡಿಸಿ ಹೇಳಬೇಕಾಗಿಲ್ಲ.

1919ರಲ್ಲಿ ಶಾಲೆ ಮುಗಿಯಿತು. ಡಬ್ಲಿನ್ ಕಾರ್ಪೊರೇಷನ್ನಿನ ಸ್ಕಾಲರ್‌ಶಿಪ್ ಸಿಕ್ಕಿತು. ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಕೀಯಕ್ಕೆ ಸೇರಿದ. ವಿಧವೆ ತಾಯಿಗೆ ಇನ್ನೇನು ಬೇಕು? ಆದರೆ ಐರಿಷ್ ಸ್ವಾತಂತ್ರ್ಯ ಯುದ್ಧವೂ ಅದೇ ವರ್ಷ ಜನವರಿಯಲ್ಲಿ ಶುರುವಾಗಿಬಿಟ್ಟಿತ್ತು.

ಬೇಕರಿ ಮುಂದೆ

ಆ ಸೋಮವಾರ ಬೆಳಿಗ್ಗೆ ಚರ್ಚ್ ಸ್ಟ್ರೀಟಿನ ಮಾಂಕ್ಸ್ ಬೇಕರಿ ಮುಂದೆ ಲಾರಿ ನಿಂತಿತು. ಯಾರ ಜೀವವನ್ನೂ ತೆಗೆಯದೆ ಬಂದೂಕು ಕಸಿಯುವುದು ಯೋಜನೆ. ಆದರೆ ಗುಂಡು ಹಾರಿತು. ಕೆವಿನ್‌ನ ಪಿಸ್ತೂಲು ಮಧ್ಯದಲ್ಲಿ ಸಿಕ್ಕಿಕೊಂಡಿತು. ಸರಿಪಡಿಸಲು ಕೂತ, ಲಾರಿಯ ಅಡಿಗೆ ನುಸುಳಿದ. ಜೊತೆಗಾರರು ಇದು ತಿಳಿಯದೆ ಚದುರಿಹೋದರು. ಹುಡುಗ ಸೈನಿಕರ ಕೈಗೆ ಸಿಕ್ಕಿಬಿದ್ದ.

ಮೂವರು ಸೈನಿಕರು ಸತ್ತರು. ಮಾರ್ಷಲ್ ವೈಟ್‌ಹೆಡ್, ಥಾಮಸ್ ಹಂಫ್ರೀಸ್, ಹೆರಾಲ್ಡ್ ವಾಷಿಂಗ್ಟನ್. ಅವರು ಯಾವ ದೊಡ್ಡ ಸಾಹೇಬರೂ ಅಲ್ಲ, ಬ್ರೆಡ್ ತರಲು ಬಂದ ಸಾಮಾನ್ಯ ಸಿಪಾಯಿಗಳು. ಅವರೂ 20ರ ಆಸುಪಾಸಿನ, ಅದಕ್ಕೂ ಕಿರಿಯ ಹುಡುಗರೇ. ಕೆವಿನ್‌ನ ಹಾಡು ಹಾಡುವವರು ಈ ಮೂರು ಹೆಸರುಗಳನ್ನು ಹೇಳುವುದು ಕಡಿಮೆ. ಆದರೆ ಇಂಗ್ಲೆಂಡಿನಲ್ಲೂ ಮೂರು ಮನೆಗಳಲ್ಲಿ ತಾಯಿಕರುಳು ಉರಿದದ್ದು ಸುಳ್ಳಲ್ಲ.

ಜೊತೆಗಾರರ ಹೆಸರು ಹೇಳು ಅಂತ ತನ್ನ ತೋಳು ತಿರುಚಿ ಹಿಂಸಿಸಿದರು ಎಂದು ಕೆವಿನ್ ಜೈಲಿನಲ್ಲಿ ಪ್ರಮಾಣಪತ್ರ ಬರೆದುಕೊಟ್ಟ. ಹೆಸರು ಮಾತ್ರ ಬಾಯಿಬಿಡಲಿಲ್ಲ. ಅಕ್ಟೋಬರ್ 20ರಂದು ಮಿಲಿಟರಿ ಕೋರ್ಟಿನ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಆ ಕೋರ್ಟನ್ನೇ ತಾನು ಒಪ್ಪುವುದಿಲ್ಲ ಅಂದ. ಮರಣದಂಡನೆ ಆಯಿತು.

ಊರಿಗೆ ಊರೇ ಕ್ಷಮೆ ಕೇಳಿತು. ಆರ್ಚ್‌ಬಿಷಪ್ ವಾಲ್ಷ್, ಮೇಯರ್ ಓನೀಲ್ ಮನವಿ ಮಾಡಿದರು. ಫಲ ಸಿಗಲಿಲ್ಲ. ನವೆಂಬರ್ 1 ಕೆಥೋಲಿಕರಿಗೆ ಸಕಲ ಸಂತರ ಹಬ್ಬ. ಆ ಬೆಳಿಗ್ಗೆ ಜೈಲಿನ ಹೊರಗೆ ಜನ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದರೆ, ಒಳಗೆ ಪಾದ್ರಿ ಕ್ಯಾನನ್ ವಾಟರ್ಸ್ ಹುಡುಗನ ಪಕ್ಕದಲ್ಲಿದ್ದರು. ಶವವನ್ನೂ ತಾಯಿಗೆ ಕೊಡಲಿಲ್ಲ, ಜೈಲಿನ ಆವರಣದಲ್ಲೇ ಹೂತರು.

ಇಂಡಿಯಾದ ನಂಟು

ಇದು ಎಲ್ಲೋ ದೂರದ ಕಥೆ ಅನ್ನಿಸಬಹುದು. ಅಷ್ಟೇನೂ ದೂರ ಇಲ್ಲ. ಕೆವಿನ್ ಸೇರಿದ ಅದೇ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲವೇ ವರ್ಷ ಮುಂಚೆ ಬರ್ಹಾಂಪುರದ ತೆಲುಗು ಹುಡುಗನೊಬ್ಬ ಕಾನೂನು ಓದಿದ್ದ. 1916ರ ದಂಗೆಯ ಬಳಿಕ ಅವನು ಐರ್ಲೆಂಡ್ ಬಿಡಬೇಕಾಯಿತು. ಅವರೇ ವಿ.ವಿ. ಗಿರಿ. 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರು, 1969ರಲ್ಲಿ ರಾಷ್ಟ್ರಪತಿ.

ಇನ್ನೊಂದು ಸಂಗತಿ. 1920ರ ಜೂನ್‌ನಲ್ಲಿ ಪಂಜಾಬಿನ ಜಲಂಧರದಲ್ಲಿದ್ದ ಕನ್ನಾಟ್ ರೇಂಜರ್ಸ್ ಎಂಬ ಐರಿಷ್ ಪಡೆಯ ಸಿಪಾಯಿಗಳು, ತಮ್ಮ ನಾಡಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ದಬ್ಬಾಳಿಕೆಯ ಸುದ್ದಿ ಕೇಳಿ ಕೆಲಸಕ್ಕೆ ಒಲ್ಲೆ ಅಂದರು. ದಂಗೆ ಸೋಲನ್‌ಗೂ ಹಬ್ಬಿತು. ಅಲ್ಲಿ ಮುಂದಾಳಾಗಿದ್ದ ಜೇಮ್ಸ್ ಡಾಲಿಯನ್ನು ಶಿಮ್ಲಾ ಸೀಮೆಯ ದಗ್‌ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದದ್ದು 1920ರ ನವೆಂಬರ್ 2ರಂದು. ಕೆವಿನ್ ಗಲ್ಲಿಗೇರಿದ ಮಾರನೆ ದಿನ!

ಆಮೇಲೆ

ಕೆವಿನ್‌ನನ್ನು ಗಲ್ಲಿಗೆ ಹಾಕಿದರೆ ಉಳಿದ ಹುಡುಗರು ಹೆದರುತ್ತಾರೆ ಎಂದು ಸರಕಾರ ನಂಬಿತ್ತು. ಆದದ್ದು ತಿರುಗುಮುರುಗು. ಅವನ ಓರಗೆಯ ವಿದ್ಯಾರ್ಥಿಗಳು ಇನ್ನಷ್ಟು ಸಂಖ್ಯೆಯಲ್ಲಿ ದಳ ಸೇರಿದರು. 1921ರ ಡಿಸೆಂಬರ್ 6ರಂದು ಒಪ್ಪಂದವಾಯಿತು. 26 ಜಿಲ್ಲೆಗಳಿಗೆ ಸ್ವರಾಜ್ಯ ಬಂತು. ಉತ್ತರದ 6 ಜಿಲ್ಲೆ ಬ್ರಿಟನ್ನಿನಲ್ಲೇ ಉಳಿದವು. ನಡುವೆ ಗಡಿರೇಖೆ ಬಿತ್ತು. ಆ ಗೆರೆಯ ಎರಡೂ ಕಡೆಯ ಜನ ಪಟ್ಟ ಪಾಡು ಬೇರೆಯೇ ಒಂದು ದೊಡ್ಡ ಕಥೆ.

ಕೆವಿನ್ ಮೇಲೆ ಕಟ್ಟಿದ ಹಾಡು ಸಮುದ್ರ ದಾಟಿತು. ಅಮೆರಿಕದ ಗಾಯಕ ಪಾಲ್ ರಾಬ್ಸನ್ ಕೂಡ ಅದನ್ನು ಹಾಡಿ ಧ್ವನಿಮುದ್ರಿಸಿದ. 1934ರಲ್ಲಿ ಕಾಲೇಜಿನಲ್ಲಿ ಅವನ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಕೂರಿಸಿದರು. ಜೈಲಿನ ಮಣ್ಣಿನಿಂದ ಅವನ ಎಲುಬು ಎತ್ತಿ, ಸರಕಾರಿ ಮರ್ಯಾದೆಯೊಂದಿಗೆ ಗ್ಲಾಸ್‌ನೆವಿನ್ ಸ್ಮಶಾನಕ್ಕೆ ಒಯ್ದದ್ದು 2001ರ ಅಕ್ಟೋಬರ್ 14ರಂದು. ಮಗ ಸತ್ತು 80 ವರ್ಷ ಕಳೆದ ಮೇಲೆ!

ಶಾಲೆ ಹುಡುಗನನ್ನು ಗೇಟಿನವರೆಗೆ ಕಳಿಸಿಕೊಡಬಹುದು. ಗೇಟಿನಾಚೆ ಯುದ್ಧ ಕಾದು ಕೂತಿದ್ದರೆ ಪಾದ್ರಿಗಳೂ, ಮೇಷ್ಟ್ರುಗಳೂ, ಹೆತ್ತವರೂ ಏನು ಮಾಡಿಯಾರು? ಕೆವಿನ್ ಡಾಕ್ಟರಾಗಿದ್ದರೆ ರಾತ್‌ವಿಲಿಯಲ್ಲೋ ಡಬ್ಲಿನ್‌ನಲ್ಲೋ ರೋಗಿಗಳ ನಾಡಿ ಹಿಡಿಯುತ್ತಿದ್ದ. ಈಗ ರಾತ್‌ವಿಲಿಯಲ್ಲಿ ಅವನ ಸ್ಮಾರಕ ನಿಂತಿದೆ. ಹೋಗಿಬರುವವರು ಟೋಪಿ ತೆಗೆದು ವಂದಿಸಬಹುದು. ಆದರೆ ಮೇರಿ ಬ್ಯಾರಿ ಆಸೆಪಟ್ಟದ್ದು ಸ್ಮಾರಕಕ್ಕಲ್ಲ, ಮಗ ಡಾಕ್ಟರಾಗುವುದಕ್ಕೆ.