ಹರಳಾಗಲೊಲ್ಲದ ಸಕ್ಕರೆ

ಜಾಮೂನಿಗಾಗಿ ಪಾಕವನ್ನು ಕಾಯಿಸುವ ಗೃಹಿಣಿಯರು ಅದರೊಳಕ್ಕೆ ಎರಡು ತೊಟ್ಟು ನಿಂಬೆಯ ರಸವನ್ನು ಹಿಂಡುವುದುಂಟು. ಆರಿದ ಮೇಲೆ ಪಾಕವು ಹರಳುಗಟ್ಟದಿರಲೆಂದು ಈ ಉಪಾಯ. ಅಡಿಗೆಮನೆಗೆ ಒದಗಿಬರುವ ಈ ಗುಣವೇ ಸಕ್ಕರೆಯ ಕಾರ್ಖಾನೆಗೆ ಪರಮ ಶತ್ರು. ಅಲ್ಲಿ ಹರಳೇ ಸರ್ವಸ್ವ.

ಕಬ್ಬಿನ ರಸದಲ್ಲಿ ಸಕ್ಕರೆಯೊಡನೆ ಲವಣ, ಆಮ್ಲ, ಅಂಟು, ಬಣ್ಣ ಎಲ್ಲವೂ ಬೆರೆತಿರುತ್ತವೆ. ಸುಣ್ಣ ಹಾಕಿ ಕಾಯಿಸಿ ಸೋಸಿದರೆ ಒಂದಷ್ಟು ಕಲ್ಮಷ ಕಳೆಯುವುದು ನಿಜ. ಆದರೆ ರಸದಲ್ಲಿ ಕರಗಿಯೇ ನಿಂತದ್ದನ್ನು ಹಿಡಿಯುವ ಜರಡಿಯೆಲ್ಲಿ? ಆ ಕೆಲಸವನ್ನು ಹರಳು ಮಾಡುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲುದು. ನೀರನ್ನು ಇಂಗಿಸಿ ರಸವನ್ನು ಇಂಥ ಮಿತಿಯಿಂದಾಚೆಗೆ ಒಯ್ದು, ಸಕ್ಕರೆಯ ನುಣ್ಣನೆಯ ಪುಡಿಯನ್ನು ಬೀಜವಾಗಿ ಬಿಟ್ಟರೆ, ಅದರ ಮೈಗೆ ಪದರ ಪದರವಾಗಿ ಸಕ್ಕರೆ ಕೂಡಿಕೊಳ್ಳುತ್ತದೆ. ಆ ಕಟ್ಟಡದಲ್ಲಿ ತಕ್ಕ ಆಕಾರದ ಅಣುವಿಗೆ ಮಾತ್ರ ಎಡೆ. ಉಳಿದವು ಬಹುಮಟ್ಟಿಗೆ ಹೊರಗೇ ಉಳಿಯುತ್ತವೆ. ಬಳಿಕ ಗಿರಗಿರನೆ ತಿರುಗುವ ತೂತಿನ ಬುಟ್ಟಿಯು ಕಾಕಂಬಿಯನ್ನು ಹೊರಕ್ಕೆಸೆದು ಹರಳನ್ನು ಉಳಿಸಿಕೊಳ್ಳುತ್ತದೆ. ಹೆಚ್ಚು ಕಾಯ್ದರೆ ಸಕ್ಕರೆ ಕೆಡುತ್ತದೆಂದು, ಗಾಳಿಯ ಒತ್ತಡವನ್ನು ತಗ್ಗಿಸಿ ಅಲ್ಪ ಶಾಖದಲ್ಲಿಯೇ ಕುದಿಸುವ ಪಾತ್ರೆಯನ್ನು ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ 1813ರಲ್ಲಿಯೇ ರೂಪಿಸಿದ್ದನು.

ಆಲೆಮನೆಗೆ ಈ ಗೋಜಿಲ್ಲ. ಅಲ್ಲಿ ಹರಳೂ ಕಾಕಂಬಿಯೂ ಬೇರೆಯಾಗದೆ ಒಟ್ಟಿಗೇ ಅಚ್ಚಿಗಿಳಿಯುತ್ತವೆ. ಬೆಲ್ಲದ ರುಚಿಯ ಗುಟ್ಟೂ ಅದೇ ಇರಬೇಕು!

ಇನ್ನು ನಿಂಬೆಯ ಮಾತು. ಅದರ ಹುಳಿಯು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಇವು ತಾವೂ ಸುಲಭವಾಗಿ ಹರಳಾಗವು, ಉಳಿದ ಸಕ್ಕರೆಯನ್ನೂ ಹರಳಾಗಗೊಡವು. ಕಡಿದ ಕಬ್ಬಿನೊಳಗೆ ನಿಂಬೆಯಿಲ್ಲದೆಯೇ ಈ ಒಡೆತ ನಡೆಯುತ್ತದೆ; ಅದರಲ್ಲಿಯೇ ಇರುವ ಕಿಣ್ವವೂ ಸೂಕ್ಷ್ಮಜೀವಿಗಳೂ ಸಾಕು. ಆದುದರಿಂದಲೇ ಕಬ್ಬನ್ನು ಕಡಿದ ದಿನವೇ ಅರೆಯಬೇಕೆಂಬ ಅವಸರ.

ಕಾವೇರಿಯು ಧುಮುಕುವ ಚುಂಚನಕಟ್ಟೆಯ ಶ್ರೀರಾಮ ಸಹಕಾರ ಸಕ್ಕರೆ ಕಾರ್ಖಾನೆಯು 2010ರ ದಶಕದಲ್ಲಿ ವರ್ಷಗಟ್ಟಲೆ ಸ್ತಬ್ಧವಾಗಿ ನಿಂತಾಗ, ಕೃಷ್ಣರಾಜನಗರದ ಸೀಮೆಯ ರೈತನಿಗೆ ಈ ರಸಾಯನಶಾಸ್ತ್ರವು ಲೆಕ್ಕದ ಪುಸ್ತಕದಲ್ಲಿಯೇ ಎದುರಾಯಿತು. ಕಬ್ಬು ದೂರದ ಕಾರ್ಖಾನೆಗೆ ಲಾರಿಯೇರಬೇಕು, ಇಲ್ಲವೆ ಆಲೆಮನೆಯ ಗಾಣಕ್ಕೆ ಹೋಗಬೇಕು. ಆಲೆಮನೆಗೂ ಹಳಸಿದ ಕಬ್ಬು ಆಗದು. ಅದರ ಬೆಲ್ಲ ಗಟ್ಟಿಯಾಗದೆ ಜಿಗುಟಾಗುತ್ತದೆ. ಸರ್ಕಾರ ಗೊತ್ತುಮಾಡುವ ಕಬ್ಬಿನ ಬೆಲೆಯಾದರೋ ಕಾರ್ಖಾನೆಗೆ ದೊರೆಯುವ ಸಕ್ಕರೆಯ ಇಳುವರಿಗೆ ಗಂಟುಬಿದ್ದಿದೆ. ಹೆಬ್ಬಾಗಿಲ ಮುಂದಿನ ಸಾಲಿನಲ್ಲಿ ಬಿಸಿಲಿಗೆ ನಿಂತ ಲಾರಿಯ ಮೇಲೆ ಕಬ್ಬಿನ ತೂಕವೂ ಇಳಿಯುತ್ತಿರುತ್ತದೆ, ಒಳಗಣ ಸಕ್ಕರೆಯೂ ಒಡೆಯುತ್ತಿರುತ್ತದೆ.