ಕಬ್ಬಿಣದ ಬಳೆಯ ಮೇಲೆ ಕುಣಿದ ಚೆಂಡು

1969ರ ಮೇ 5. ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿರುವ ‘ಫೋರಂ’ ಕ್ರೀಡಾಂಗಣದ ಛಾವಣಿಗೆ ಬಲೆ ಕಟ್ಟಿ, ಅದರ ತುಂಬ ಸಾವಿರಾರು ಬಲೂನುಗಳನ್ನು ತುಂಬಿಸಿಡಲಾಗಿತ್ತು. ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಮಾಲೀಕ ಜ್ಯಾಕ್ ಕೆಂಟ್ ಕುಕ್ ಮಾಡಿಸಿದ ಏರ್ಪಾಡು. ತಂಡ ಗೆದ್ದ ಕೂಡಲೇ ಬಲೂನುಗಳು ಹೇಗೆ ಉದುರಬೇಕು, ವಿಶ್ವವಿದ್ಯಾಲಯದ ಬ್ಯಾಂಡಿನವರು ಏನು ನುಡಿಸಬೇಕು, ಯಾವ ಆಟಗಾರನ ಸಂದರ್ಶನ ಮೊದಲು ಎಂಬುದನ್ನೆಲ್ಲ ಅಚ್ಚು ಹಾಕಿಸಿದ ಹಾಳೆಯೂ ಸಿದ್ಧವಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎಂದರೆ ಇದೇ.

ಆ ಹಾಳೆ ಎದುರಾಳಿ ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಕೈಗೆ ಸಿಕ್ಕಿತು. ಅವರಿಗೆ ಆಗ 35 ವರ್ಷ. ಆಟಗಾರನೂ ಅವರೇ, ಕೋಚ್ ಕೂಡ ಅವರೇ. ತಂಡ ಪೂರ್ವ ವಿಭಾಗದಲ್ಲಿ ನಾಲ್ಕನೆಯದಾಗಿ ಹೇಗೋ ಪ್ಲೇಆಫ್‌ಗೆ ನುಸುಳಿತ್ತು. ಎದುರಿಗಿದ್ದವರು ಜೆರಿ ವೆಸ್ಟ್, ಎಲ್ಜಿನ್ ಬೇಲರ್, ಮೇಲೆ ಆ ವರ್ಷವಷ್ಟೇ ತಂದಿದ್ದ ದೈತ್ಯ ವಿಲ್ಟ್ ಚೇಂಬರ್ಲಿನ್. ಫೈನಲ್‌ನ ಆರು ಪಂದ್ಯಗಳಲ್ಲಿ ಮೂರು ಮೂರು ಸಮ, ಏಳನೆಯದು ಲೇಕರ್ಸ್ ಅಂಗಳದಲ್ಲಿ. ರಸೆಲ್ ಹಾಳೆಯ ವಿಷಯವನ್ನು ತಮ್ಮ ಹುಡುಗರಿಗೆ ತಿಳಿಸಿದರು. ಬೇರೆ ಭಾಷಣ ಬೇಕಾಗಲಿಲ್ಲ.

ಪಂದ್ಯ ಮುಗಿಯಲು ಒಂದು ನಿಮಿಷದ ಆಸುಪಾಸು ಇದ್ದಾಗ ಬಾಸ್ಟನ್‌ಗೆ ಒಂದೇ ಅಂಕದ ಮುನ್ನಡೆ. ಆ ತಂಡದ ಹ್ಯಾವ್ಲಿಚೆಕ್ ಕೈಯಿಂದ ತಪ್ಪಿದ ಚೆಂಡು ಉರುಳಿ ಡಾನ್ ನೆಲ್ಸನ್ ಎಂಬಾತನಿಗೆ ಸಿಕ್ಕಿತು. ನಾಲ್ಕು ವರ್ಷಗಳ ಹಿಂದೆ ಇದೇ ಲೇಕರ್ಸ್ ಬೇಡವೆಂದು ಕೈಬಿಟ್ಟಿದ್ದ ಆಟಗಾರ. ಅವನು ಎಸೆದ ಚೆಂಡು ರಿಂಗಿನ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಚಿಮ್ಮಿ, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಂತೆ ಬಂದು ಬಲೆಯೊಳಗೇ ಇಳಿಯಿತು. 108-106. ಮೇಲೆ ಕಟ್ಟಿದ ಬಲೂನುಗಳು ಕಟ್ಟಿದಲ್ಲೇ ಉಳಿದವು. ಆ ಸಂಜೆ 42 ಅಂಕ ಗಳಿಸಿದ್ದ ವೆಸ್ಟ್‌ಗೆ ಫೈನಲ್‌ನ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿ ಬಂತು. ಸೋತ ತಂಡದವರಿಗೆ ಅದು ಬಂದದ್ದು ಅದೊಂದೇ ಸಲ.

ಈಗ ಹೇಳಿ, ಆ ಸಂಜೆ ಬಡಪಾಯಿ ತಂಡ ಯಾವುದು? ಅಂಕಪಟ್ಟಿ ನೋಡಿದರೆ ಬಾಸ್ಟನ್. ಚರಿತ್ರೆ ನೋಡಿದರೆ ಅದು 13 ವರ್ಷಗಳಲ್ಲಿ 11ನೆಯ ಪ್ರಶಸ್ತಿ ಎತ್ತಿದ ತಂಡ. 1959ರಿಂದ 1966ರವರೆಗೆ ಸತತ ಎಂಟು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಅದಕ್ಕಿಂತ ದೊಡ್ಡ ಸಾಮ್ರಾಜ್ಯವನ್ನು ಕಂಡಿಲ್ಲ. ಅಲ್ಲಿನವರು ಇಂಥದ್ದನ್ನು ‘ಡೈನಾಸ್ಟಿ’ ಎನ್ನುತ್ತಾರೆ. ಪ್ರತಿ ಪ್ಲೇಆಫ್ ಋತುವಿನಲ್ಲೂ ಅದೇ ಜಗಳ ಏಳುತ್ತದೆ: ಒಂದೇ ಮನೆಯವರು ಕಿರೀಟ ಹೊತ್ತು ಕೂತರೆ ಆಟಕ್ಕೆ ಒಳ್ಳೆಯದೋ, ವರ್ಷಕ್ಕೊಬ್ಬ ಹೊಸ ರಾಜ ಬಂದರೆ ಒಳ್ಳೆಯದೋ?

ಸಾಮ್ರಾಜ್ಯವಿದ್ದರೆ ಜನ ಸೇರುತ್ತಾರೆ ಎನ್ನುವವರು ಅದೇ ಬಾಸ್ಟನ್ನನ್ನು ಒಮ್ಮೆ ನೋಡಬೇಕು. ಬಾಸ್ಟನ್ ಗಾರ್ಡನ್‌ನಲ್ಲಿ ಸುಮಾರು 14 ಸಾವಿರ ಆಸನಗಳು. ಸೆಲ್ಟಿಕ್ಸ್ ಆಟಕ್ಕೆ ಅವು ತುಂಬಿದ್ದು ಅಪರೂಪ. ಅದೇ ಕಟ್ಟಡದಲ್ಲಿ ಆಡುತ್ತಿದ್ದ ಐಸ್ ಹಾಕಿ ತಂಡ ಬ್ರೂಯಿನ್ಸ್ ವರ್ಷ ವರ್ಷವೂ ಸೋಲುತ್ತಿದ್ದರೂ ಅದಕ್ಕೇ ಹೆಚ್ಚು ಜನ. ಕಾರಣ ಆಟದಲ್ಲಿರಲಿಲ್ಲ, ಚರ್ಮದ ಬಣ್ಣದಲ್ಲಿತ್ತು. 1964ರ ಡಿಸೆಂಬರ್‌ನಲ್ಲಿ ಐವರೂ ಕಪ್ಪು ಆಟಗಾರರನ್ನು ಮೊದಲು ಕಣಕ್ಕಿಳಿಸಿದ ತಂಡ ಸೆಲ್ಟಿಕ್ಸ್. ಊರಿಗೆ ಕಿರೀಟದ ಮೇಲೆ ಕಿರೀಟ ತಂದ ರಸೆಲ್ ಮನೆಗೆ ನುಗ್ಗಿ ಗೋಡೆಯ ಮೇಲೆ ಹೊಲಸು ಗೀಚಿ ಹೋದವರೂ ಆ ಸೀಮೆಯವರೇ. ಹಾಗಾಗಿ ಸಾಮ್ರಾಜ್ಯದ ಲಾಭನಷ್ಟವನ್ನು ಬರೀ ಟಿಕೆಟ್ ಲೆಕ್ಕದಲ್ಲಿ ಅಳೆಯುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಬೇರೆ ಆಟಗಳಿಗಿಂತ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾಮ್ರಾಜ್ಯಗಳು ಹೆಚ್ಚು ಏಳುವುದು ಆಟದ ಮೈಕಟ್ಟಿನಿಂದಲೇ. ಕಣದಲ್ಲಿ ಒಂದು ಬದಿಗೆ ಐದೇ ಮಂದಿ. 48 ನಿಮಿಷದ ಆಟದಲ್ಲಿ ದೊಡ್ಡ ಆಟಗಾರ ನಲವತ್ತರ ಹತ್ತಿರ ಅಂಗಳದಲ್ಲೇ ಇರುತ್ತಾನೆ, ಎರಡು ಬದಿಗೂ ಆಡುತ್ತಾನೆ. ಒಂದೊಂದು ತಂಡದ ಕೈಗೂ ಚೆಂಡು ನೂರು ಸಲದಂತೆ ಬರುತ್ತದೆ. ಫುಟ್‌ಬಾಲ್‌ನಲ್ಲಿ ಒಂದು ಗೋಲು ಹೊಡೆದು ಗೂಡಿನ ಮುಂದೆ ಗೋಡೆ ಕಟ್ಟಬಹುದು, ಟಿ20ಯಲ್ಲಿ ಒಂದು ಓವರ್ ಪಂದ್ಯವನ್ನೇ ಮಗುಚಬಹುದು. ಇಲ್ಲಿ ಅದೃಷ್ಟಕ್ಕೆ ಅಷ್ಟು ದೊಡ್ಡ ಕಿಂಡಿ ಇಲ್ಲ. ಅದರ ಮೇಲೆ ಏಳು ಪಂದ್ಯಗಳ ಸರಣಿ. ಒಂದೇ ಪಂದ್ಯದಲ್ಲಿ ತೀರ್ಮಾನವಾಗುವ ಕಾಲೇಜು ಟೂರ್ನಿಯಲ್ಲಿ 2018ರಲ್ಲಿ 16ನೇ ಶ್ರೇಯಾಂಕದ ಪುಟ್ಟ ಕಾಲೇಜೊಂದು ಅಗ್ರಶ್ರೇಯಾಂಕದ ವರ್ಜೀನಿಯಾವನ್ನು 20 ಅಂಕಗಳಿಂದ ಕೆಡವಿತ್ತು. ಅದೇ ಹುಡುಗರು ಏಳು ಸಲ ಆಡಿದ್ದರೆ ಏನಾಗುತ್ತಿತ್ತೋ.

ಲೆಕ್ಕ ಬೇಕಿದ್ದರೆ ಇಲ್ಲಿದೆ. ಪ್ಲೇಆಫ್‌ನಲ್ಲಿ 16 ತಂಡಗಳ ಪದ್ಧತಿ ಶುರುವಾದದ್ದು 1984ರಲ್ಲಿ. ಅಲ್ಲಿಂದ 2025ರವರೆಗೆ ಎರಡೂ ವಿಭಾಗಗಳ ಮೊದಲ ಸುತ್ತಿನಲ್ಲಿ ಒಂದನೆಯ ತಂಡಕ್ಕೂ ಎಂಟನೆಯದಕ್ಕೂ 84 ಸಲ ಹಣಾಹಣಿ ನಡೆದಿದೆ. ಎಂಟನೆಯ ತಂಡ ಗೆದ್ದದ್ದು ಆರೇ ಸಲ. ಮೊದಲನೆಯದು 1994ರಲ್ಲಿ, 63 ಪಂದ್ಯ ಗೆದ್ದು ಬೀಗುತ್ತಿದ್ದ ಸಿಯಾಟಲ್ ವಿರುದ್ಧ ಡೆನ್ವರ್‌ನ ಗೆಲುವು. ಪಂದ್ಯ ಮುಗಿದಾಗ ಡೆನ್ವರ್‌ನ ಏಳಡಿ ಎತ್ತರದ ಡಿಕೆಂಬೆ ಮುಟೊಂಬೊ ಅಂಗಾತ ಬಿದ್ದು, ಚೆಂಡನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು ಮಗುವಿನಂತೆ ನಕ್ಕ ಚಿತ್ರ ಈಗಲೂ ಓಡಾಡುತ್ತದೆ. ಆದರೆ ಆಗಿನ್ನೂ ಮೊದಲ ಸುತ್ತು ಐದು ಪಂದ್ಯಗಳದ್ದಾಗಿತ್ತು. ಏಳು ಪಂದ್ಯಗಳ ಸರಣಿಯಲ್ಲಿ ಅದನ್ನು ಮೊದಲು ಸಾಧಿಸಿದ್ದು 2007ರ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಆ ತಂಡದ ಕೋಚ್ ಯಾರು ಗೊತ್ತೆ? ಅದೇ ಡಾನ್ ನೆಲ್ಸನ್, 1969ರಲ್ಲಿ ಚೆಂಡನ್ನು ಬಳೆಯ ಮೇಲೆ ಕುಣಿಸಿದವರು.

ವಾರಿಯರ್ಸ್ 12 ವರ್ಷ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ. ಆ ಸಲ ಒಳಗೆ ಬಂದದ್ದೂ ಲೀಗಿನ ಕೊನೆಯ ದಿನ. ಎದುರಿಗೆ 67 ಪಂದ್ಯ ಗೆದ್ದ ಡಲ್ಲಾಸ್ ಮ್ಯಾವರಿಕ್ಸ್. ಆ ಡಲ್ಲಾಸನ್ನು ಕಟ್ಟಿದವರೂ ನೆಲ್ಸನ್ನೇ. 2005ರಲ್ಲಿ ಅಲ್ಲಿಂದ ಇಳಿದು ಬಂದಿದ್ದರು. ಜರ್ಮನಿಯ ಹುಡುಗ ಡರ್ಕ್ ನೋವಿಟ್ಸ್‌ಕಿಯನ್ನು 1998ರಲ್ಲಿ ಕರೆತಂದು ಬೆಳೆಸಿದವರಿಗೆ ಅವನಿಗೆ ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಎಂಬುದೂ ಗೊತ್ತಿತ್ತು. ಎತ್ತರದ ಆಟಗಾರರ ಎದುರು ಗಿಡ್ಡ, ಚುರುಕು ಹುಡುಗರನ್ನು ಬಿಟ್ಟು ಓಟದಲ್ಲೇ ದಣಿಸಿದರು. ಓಕ್ಲೆಂಡ್‌ನ ಅಂಗಳದಲ್ಲಿ ‘ನಾವು ನಂಬಿದ್ದೇವೆ’ ಎಂದು ಅಚ್ಚು ಹಾಕಿದ ಹಳದಿ ಬನಿಯನ್ ತೊಟ್ಟ ಜನ ಕಿವಿ ಕಿವುಡಾಗುವಂತೆ ಕೂಗುತ್ತಿದ್ದರು. ಆರನೆಯ ಪಂದ್ಯದಲ್ಲಿ 111-86ರಿಂದ ಕಥೆ ಮುಗಿಯಿತು. ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ನೋವಿಟ್ಸ್‌ಕಿ ಪಡೆದದ್ದು ಹೀಗೆ ಮೊದಲ ಸುತ್ತಲ್ಲೇ ಸೋತು ಕೂತ ಮೇಲೆ. ಬೀಗರೂಟ ಮುಗಿದ ಮೇಲೆ ತಾಳಿ ಕಟ್ಟಿಸಿದಂತೆ.

ಈ ಸಂಭ್ರಮದ ಆಯಸ್ಸು ಎಷ್ಟು? ಮುಂದಿನ ಸುತ್ತಿನಲ್ಲಿ ಯೂಟಾ ಎದುರು 4-1ರಿಂದ ಸೋಲು. ಆಮೇಲೆ ಪ್ಲೇಆಫ್ ಕಂಡದ್ದು 2013ರಲ್ಲಿ.

ಸಾಮ್ರಾಜ್ಯ ಉರುಳಿಸುವ ಈ ರುಚಿ ಕನ್ನಡಿಗರಿಗೆ ಹೊಸದಲ್ಲ. ರಣಜಿ ಟ್ರೋಫಿಯನ್ನು 1958-59ರಿಂದ ಸತತ 15 ವರ್ಷ ಬಾಂಬೆ ತಂಡ ಗೆದ್ದಿತ್ತು. ಬಾಸ್ಟನ್ನಿನ ಎಂಟು ಅದರ ಮುಂದೆ ಅರ್ಧವಷ್ಟೇ. ಮೈಸೂರು ಹೋಗಿ ಕರ್ನಾಟಕ ಎಂಬ ಹೊಸ ಹೆಸರಿನಲ್ಲಿ ನಮ್ಮವರು ಆಡಿದ ಮೊದಲ ಋತುವಿನಲ್ಲೇ, 1974ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ ಆ ಸರಪಳಿ ತುಂಡಾಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಓಡುವಾಗ ಜಾರಿ ರನೌಟ್ ಆದ ಬಾಂಬೆಯ ವಾಡೇಕರ್. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದದ್ದು ದಾಖಲೆಯಲ್ಲಿದೆ, ಆದರೆ ಹಳಬರು ಇವತ್ತಿಗೂ ಹೇಳುವುದು ಸೆಮಿಫೈನಲ್ ಕಥೆಯನ್ನೇ. ಆ 15 ವರ್ಷ ಇರದಿದ್ದರೆ ಅದೂ ಒಂದು ಮೊದಲ ಇನಿಂಗ್ಸ್ ಮುನ್ನಡೆ ಅಷ್ಟೇ ಆಗಿರುತ್ತಿತ್ತು.

ವಾರಿಯರ್ಸ್‌ಗೆ ಮರಳುವುದಾದರೆ, 2009ರಲ್ಲಿ, ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಅವರು ಏಳನೆಯ ಆಯ್ಕೆಯಾಗಿ ಸ್ಟೆಫ್ ಕರ‍್ರಿ ಎಂಬ ಸಣ್ಣ ಮೈಯ ಹುಡುಗನನ್ನು ತಂದರು. ಅವನ ಮೊದಲ ವರ್ಷದ ಕೋಚ್ ಕೂಡ ನೆಲ್ಸನ್. ಆಮೇಲೆ ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಬಂದರು. ಮೂವರೂ ಡ್ರಾಫ್ಟ್‌ನಲ್ಲಿ ಆರಿಸಿ ಮನೆಯಲ್ಲೇ ಸಾಕಿದವರು. 2015ರಲ್ಲಿ ಕಿರೀಟ, ಮರುವರ್ಷ 82ರಲ್ಲಿ 73 ಗೆಲುವು. ಬಡಪಾಯಿ ಮನೆ ಎಂಟೇ ವರ್ಷದಲ್ಲಿ ಅರಮನೆಯಾಗಿತ್ತು. ಅಲ್ಲಿಯವರೆಗೆ ಅವರನ್ನು ಇಡೀ ದೇಶ ಮುದ್ದು ಮಾಡುತ್ತಿತ್ತು.

2016ರ ಜುಲೈ 4ರಂದು ಆ ಮುದ್ದು ಮುಗಿಯಿತು. ಒಕ್ಲಹೋಮ ಸಿಟಿಯ ಕೆವಿನ್ ಡ್ಯುರಾಂಟ್ ವಾರಿಯರ್ಸ್ ಸೇರುವುದಾಗಿ ಹೇಳಿದ ದಿನ ಅದು. ಕೆಲವೇ ವಾರಗಳ ಹಿಂದೆ ಇದೇ ವಾರಿಯರ್ಸ್ ಎದುರು 3-1ರಿಂದ ಮುಂದಿದ್ದು ಸೋತ ತಂಡದ ನಾಯಕ! ಹೊಸ ಟಿವಿ ಒಪ್ಪಂದದ ದುಡ್ಡಿನಿಂದ ಆ ಬೇಸಿಗೆಯಲ್ಲಿ ತಂಡಗಳ ಸಂಬಳದ ಮಿತಿ 7 ಕೋಟಿ ಡಾಲರಿನಿಂದ ಒಮ್ಮೆಗೇ 9.4 ಕೋಟಿಗೆ ಜಿಗಿದಿತ್ತು, ಅದರಿಂದಲೇ ಅವನಿಗೆ ಜಾಗವಾದದ್ದು. ಮರುವರ್ಷದ ಪ್ಲೇಆಫ್‌ನಲ್ಲಿ ವಾರಿಯರ್ಸ್ 16 ಗೆದ್ದು ಒಂದೇ ಒಂದು ಸೋತರು. ಆಟ ಸೊಗಸಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಹಿತ್ತಲಲ್ಲಿ ಬೆಳೆದ ಹಲಸಿಗೂ ಸಂತೆಯಲ್ಲಿ ಕೊಂಡು ತಂದ ಹಲಸಿಗೂ ಇರುವ ವ್ಯತ್ಯಾಸ ತಿಂದವರಿಗೆ ಗೊತ್ತು.

ಹಾಗೆಂದು ಜನ ನೋಡುವುದನ್ನು ಬಿಟ್ಟರೆ? ಇಲ್ಲ. ಎಲ್ಲರೂ ಬೈದ ಆ 2017ರ ಫೈನಲ್ ಅನ್ನು ಅಮೆರಿಕದಲ್ಲಿ ಸರಾಸರಿ ಎರಡು ಕೋಟಿಗೂ ಹೆಚ್ಚು ಜನ ನೋಡಿದರು. ಮೈಕೆಲ್ ಜೋರ್ಡನ್ನರ ಬುಲ್ಸ್ ಆರನೆಯ ಕಿರೀಟ ಗೆದ್ದ 1998ರಲ್ಲಿ ಆ ಸಂಖ್ಯೆ 2.9 ಕೋಟಿ. ಎರಡು ಸಣ್ಣ ಊರುಗಳ ತಂಡಗಳು ಸೆಣಸಿದ 2025ರ ಫೈನಲ್‌ಗೆ ಒಂದು ಕೋಟಿಯಷ್ಟೇ. ಬೈಯುವುದಕ್ಕಾದರೂ ಒಬ್ಬ ರಾವಣ ಬೇಕು; ರಾಮಾಯಣ ಬಯಲಾಟದಲ್ಲಿ ಹೆಚ್ಚು ಸೀಟಿ ಬೀಳುವುದು ಯಾರಿಗೆ ಎಂದು ಹಳ್ಳಿಯವರನ್ನು ಕೇಳಬೇಕು.

ಆದರೆ ನೋಡದೆ ಹೋದವರು ಕಳೆದುಕೊಂಡದ್ದು ಸಣ್ಣದಲ್ಲ. ಆ ಫೈನಲ್‌ಗೆ ಬಂದ ಇಂಡಿಯಾನ ಪೇಸರ್ಸ್ ಋತುವನ್ನು ಹತ್ತು ಗೆಲುವು, ಹದಿನೈದು ಸೋಲಿನಿಂದ ಶುರು ಮಾಡಿದ ತಂಡ. ಅದರ ನಾಯಕ ಟೈರೀಸ್ ಹ್ಯಾಲಿಬರ್ಟನ್‌ನನ್ನು ಇತರ ತಂಡಗಳ ಆಟಗಾರರೇ ಗುಟ್ಟಿನ ಮತದಾನದಲ್ಲಿ ‘ಅತಿಯಾಗಿ ಹೊಗಳಿಸಿಕೊಂಡವನು’ ಎಂದು ಆರಿಸಿದ್ದರು. ಅವನು ಉತ್ತರ ಕೊಟ್ಟದ್ದು ಕೊನೆಯ ಕ್ಷಣಗಳಲ್ಲೇ. ಮಿಲ್ವಾಕೀ ಎದುರು, ಕ್ಲೀವ್‌ಲ್ಯಾಂಡ್ ಎದುರು ಹಾಗೆಯೇ ಗೆಲ್ಲಿಸಿದ. ನ್ಯೂಯಾರ್ಕ್‌ನಲ್ಲಿ ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ 14 ಅಂಕ ಹಿಂದೆ. ಗಂಟೆ ಬಾರಿಸುವ ಹೊತ್ತಿಗೆ ಅವನೆಸೆದ ಚೆಂಡು ರಿಂಗಿನ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಚಿಮ್ಮಿ, ಬಲೆಯೊಳಗೇ ಇಳಿಯಿತು. 1969ರ ಆ ಚೆಂಡೇ 56 ವರ್ಷ ತಡೆದು ಬಂದಂತಿತ್ತು. ಗೆದ್ದೆನೆಂದುಕೊಂಡು ಅವನು ಎದುರಾಳಿ ಪ್ರೇಕ್ಷಕರ ಕಡೆ ತಿರುಗಿ ಕತ್ತು ಹಿಸುಕಿಕೊಳ್ಳುವ ಸನ್ನೆ ಮಾಡಿದ. ಕಾಲು ಗೆರೆ ತುಳಿದಿತ್ತು. ಮೂರಲ್ಲ, ಎರಡೇ ಅಂಕ. ಹೆಚ್ಚುವರಿ ಸಮಯ ಆಡಬೇಕಾಯಿತು. ಅದನ್ನೂ ಗೆದ್ದರೆನ್ನಿ.

ಜೂನ್ 6ರ ಬೆಳಗ್ಗೆ ನಮ್ಮಲ್ಲಿ ಆರು ಗಂಟೆಗೆ ಕಾಫಿ ಹಿಡಿದು ಫೈನಲ್‌ನ ಮೊದಲ ಪಂದ್ಯಕ್ಕೆ ಕೂತವರು ಮತ್ತದನ್ನೇ ಕಂಡರು. 68 ಪಂದ್ಯ ಗೆದ್ದ ಒಕ್ಲಹೋಮ ಎದುರು ಇಡೀ ಪಂದ್ಯದಲ್ಲಿ ಒಮ್ಮೆಯೂ ಮುಂದಿರದ ಪೇಸರ್ಸ್ ಕೊನೆಯ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಉಳಿದಾಗ ಮುಂದೆ ಬಂದರು. 111-110. ಏಳನೆಯ ಪಂದ್ಯದ ಆರಂಭದಲ್ಲೇ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಅಂಗಳಕ್ಕೆ ಅಂಗೈ ಬಡಿಯುತ್ತ ಅವನು ಬಿದ್ದಿದ್ದನ್ನು ನೋಡಿದ ಮೇಲೆ ನನ್ನ ಕಾಫಿ ಆರಿಹೋಯಿತು. ಅವನಿಲ್ಲದೆಯೂ ಅರ್ಧ ಹೊತ್ತಿಗೆ ಒಂದು ಅಂಕ ಮುಂದಿದ್ದರು. ಕೊನೆಗೆ 103-91, ಒಕ್ಲಹೋಮಕ್ಕೆ ಕಿರೀಟ. ವಾರಗಳಲ್ಲೇ ಹತ್ತು ವರ್ಷದ ಹಳಬ ಮೈಲ್ಸ್ ಟರ್ನರ್ ಪೇಸರ್ಸ್ ಬಿಟ್ಟು ಮಿಲ್ವಾಕೀಗೆ ಹೋದ.

2019ರಿಂದ 2025ರವರೆಗೆ ಏಳು ವರ್ಷಗಳಲ್ಲಿ ಏಳು ಬೇರೆ ಬೇರೆ ಚಾಂಪಿಯನ್ನರು. ಲೀಗು 2023ರಲ್ಲಿ ತಂದ ಹೊಸ ಒಪ್ಪಂದ ಇದನ್ನೇ ಇನ್ನಷ್ಟು ಬಿಗಿ ಮಾಡುತ್ತದೆ. ಸಂಬಳದ ಒಟ್ಟು ಮೊತ್ತ ಒಂದು ಗೆರೆ ದಾಟಿದ ತಂಡಕ್ಕೆ ಬರೀ ದಂಡವಲ್ಲ, ಕೈಕಾಲನ್ನೇ ಕಟ್ಟುತ್ತಾರೆ: ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವ ಹಾಗಿಲ್ಲ, ಮುಂದಿನ ಡ್ರಾಫ್ಟ್ ಹಕ್ಕಿಗೂ ಬೀಗ. ಡ್ಯುರಾಂಟ್‌ಗಳನ್ನು ತಡೆಯಲು ಹಾಕಿದ ಬೇಲಿ ಇದು. ನನ್ನ ತಕರಾರು ಇಷ್ಟೇ, ಈ ಬೇಲಿಗೆ ಸಂತೆಯ ಹಲಸು, ಹಿತ್ತಲ ಹಲಸು ಎಂಬ ಭೇದ ಗೊತ್ತಿಲ್ಲ. 2024ರಲ್ಲಿ ಗೆದ್ದ ಬಾಸ್ಟನ್ ತಾನೇ ಬೆಳೆಸಿದ ಟೇಟಂ, ಬ್ರೌನ್‌ರಿಗೆ ಅವರ ಯೋಗ್ಯತೆಗೆ ತಕ್ಕ ಸಂಬಳ ಕೊಟ್ಟಿತು. ಒಂದೇ ವರ್ಷದಲ್ಲಿ ಗೆರೆಯ ಭಯಕ್ಕೆ ಹಾಲಿಡೇ, ಪೋರ್ಜಿಂಗಿಸ್ ಇಬ್ಬರನ್ನೂ ಬೇರೆಡೆಗೆ ಸಾಗಿಸಬೇಕಾಯಿತು. ಸಸಿ ನೆಟ್ಟು ನೀರೆರೆದವನಿಗೆ ಕಾಯಿ ಬಿಟ್ಟ ಮೇಲೆ ತೆರಿಗೆ.

ಒಕ್ಲಹೋಮದ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿಗೆ ಇದು ಹೊಸ ಪಾಠವಲ್ಲ. 2012ರಲ್ಲಿ ಅವರ ಬಳಿ ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಎಂಬ ಮೂವರು ಹುಡುಗರಿದ್ದರು, ಮೂವರೂ ಡ್ರಾಫ್ಟ್‌ನಲ್ಲಿ ಆರಿಸಿ ತಂದವರು. ಫೈನಲ್ ಆಡಿ ಬಂದ ಕೆಲವೇ ತಿಂಗಳಿಗೆ ಸಂಬಳ ಕುದುರದೆ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟರು. ಮುಂದೆ 2014, 2017, 2018ರಲ್ಲಿ ಆ ಮೂವರೂ ಸರದಿಯಂತೆ ಲೀಗಿನ ಶ್ರೇಷ್ಠ ಆಟಗಾರರಾದರು, ಆದರೆ ಒಕ್ಲಹೋಮಕ್ಕೆ ಅವರಿಂದ ಒಂದು ಕಿರೀಟವೂ ಬರಲಿಲ್ಲ. 2025ರ ಬೇಸಿಗೆಯಲ್ಲಿ ಪ್ರೆಸ್ಟಿ ಮತ್ತೆ ಮೂವರಿಗೆ, ಶಾಯ್ ಗಿಲ್ಜಸ್ ಅಲೆಕ್ಸಾಂಡರ್, ಹೋಮ್‌ಗ್ರೆನ್, ಜೇಲನ್ ವಿಲಿಯಮ್ಸ್‌ರಿಗೆ, ಎಲ್ಲ ಸೇರಿ 80 ಕೋಟಿ ಡಾಲರ್ ಮುಟ್ಟಬಹುದಾದ ಒಪ್ಪಂದಗಳಿಗೆ ರುಜು ಹಾಕಿದ್ದಾರೆ. ಈ ಸಲ ಮೂವರನ್ನೂ ಉಳಿಸಿಕೊಳ್ಳುವುದು ಅವರ ಲೆಕ್ಕ. ಗೆರೆ ಎಲ್ಲಿದೆ ಎಂಬುದು ಅವರಿಗೂ ಗೊತ್ತು.